ಎಷ್ಟು? ಎಷ್ಟು ಹೆಚ್ಚುಕಡಿಮೆ?

ಓದುಗರ ಪ್ರಶ್ನೆಗೆ ಎಂಜಿನಿಯರರ ಉತ್ತರ

ಮಳೆ, ಧರೆ, ಮೋರಿ, ಕಾಂಕ್ರೀಟು, ಕೆರೆ ಏರಿ ಕುರಿತು ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳಿಂದ ಬಂದ ಪ್ರಶ್ನೆಗಳಲ್ಲಿ ಏಳನ್ನು ಈ ಸಲ ಎತ್ತಿಕೊಂಡಿದ್ದೇವೆ. ಕೈಯಲ್ಲಿರುವ ಅಂಕಿಯನ್ನು ಎಷ್ಟು ನಂಬಬೇಕು ಎನ್ನುವುದೇ ಎಲ್ಲದರ ಒಳಗಿರುವ ತೊಡಕು. ಮಳೆ ಮತ್ತು ಗುಡ್ಡದ ಲೆಕ್ಕದಲ್ಲಿ ಬಳಸಿದ ಅಂಕಿಗಳು ದಾರಿ ತೋರಿಸಲಿಕ್ಕೆ ಮಾತ್ರ. ನಿಮ್ಮ ಜಾಗಕ್ಕೆ ನಿಮ್ಮ ಅಳತೆಯನ್ನೇ ಹಾಕಬೇಕು.

ಪ್ರಶ್ನೆ: ಮಗಳು ಸಿವಿಲ್ ವಿಭಾಗದಲ್ಲಿ ಪಿಎಚ್.ಡಿ. ಸೇರಿದ್ದಾಳೆ. ಅವಳ ಪ್ರಾಧ್ಯಾಪಕರ ಸಂಶೋಧನೆ ‘ಅನಿಶ್ಚಿತತೆಯ ನಡುವೆ ಮಾದರಿ ರಚನೆ’ ಅಂತೆ. ಸೇತುವೆ, ಅಣೆಕಟ್ಟು ಕಟ್ಟುವವರು ಖಚಿತವಾಗಿ ಹೇಳಬೇಕಲ್ಲವೆ? ಇದರಲ್ಲಿ ಸಂಶೋಧನೆ ಮಾಡುವುದೇನು?
– ಓದುಗರು, ಹಾಸನ

ಉತ್ತರ: ಖಚಿತವಾಗಿ ಹೇಳಬೇಕು, ನಿಜ. ಆದರೆ ಯಾವುದು ಎಷ್ಟು ಖಚಿತ ಎಂಬುದನ್ನೂ ಅಷ್ಟೇ ಖಚಿತವಾಗಿ ಹೇಳಬೇಕು. ಆ ಪ್ರಾಧ್ಯಾಪಕರ ಕೆಲಸ ಇದೇ.

ಅನಿಶ್ಚಿತತೆಯಲ್ಲಿ ಎರಡು ಬಗೆ. ಮುಂದಿನ ಆಶ್ಲೇಷ ಮಳೆ ಎಷ್ಟು ಸುರಿಯುತ್ತದೆ ಎಂಬುದು ಪ್ರಕೃತಿಯಲ್ಲೇ ಇರುವ ಏರುಪೇರು. ಎಷ್ಟು ಓದಿದರೂ, ಎಷ್ಟು ಅಳೆದರೂ ಅದು ಹೋಗುವುದಿಲ್ಲ. ನಿಮ್ಮ ನಿವೇಶನದಡಿ ಗಟ್ಟಿ ಕಲ್ಲು ಎಷ್ಟು ಆಳದಲ್ಲಿದೆ ಎಂಬುದು ಹಾಗಲ್ಲ. ಅದು ಈಗಾಗಲೇ ಅಲ್ಲಿದೆ, ನಮಗೆ ಗೊತ್ತಿಲ್ಲ ಅಷ್ಟೆ. ಎರಡು ಕಡೆ ಕೊರೆದರೆ ಗೊತ್ತಾಗುತ್ತದೆ. ಮೊದಲನೆಯದಕ್ಕೆ ರಚನೆಯಲ್ಲೇ ಜಾಗ ಬಿಡಬೇಕು, ಎರಡನೆಯದನ್ನು ಪರೀಕ್ಷೆಗೆ ಹಣ ಹಾಕಿ ಕಡಿಮೆ ಮಾಡಬಹುದು. ಇವೆರಡನ್ನು ಬೆರೆಸಿ ‘ಏನೋ ಇರಲಿ’ ಎಂದು ಕಬ್ಬಿಣ ಹೆಚ್ಚು ಹಾಕುವುದು ದುಬಾರಿ. ಎಷ್ಟೋ ಸಲ ಹಾಕಿದ ಜಾಗವೂ ತಪ್ಪಾಗಿರುತ್ತದೆ.

ಲೆಕ್ಕದ ತಿರುಳು ಸರಳ. ರಚನೆಗೆ ತಡೆಯುವ ಶಕ್ತಿ ಇದೆ, ಅದರ ಮೇಲೆ ಬೀಳುವ ಹೊರೆ ಇದೆ. ಎರಡಕ್ಕೂ ಸರಾಸರಿ ಒಂದು, ಏರುಪೇರು ಒಂದು. ಸರಾಸರಿಗಳ ಅಂತರವನ್ನು ಒಟ್ಟು ಏರುಪೇರಿನಿಂದ ಭಾಗಿಸಿದರೆ ಬರುವುದು ವಿಶ್ವಾಸಾರ್ಹತೆಯ ಸೂಚ್ಯಂಕ. ಎಂಜಿನಿಯರರು ಬೀಟಾ ಎನ್ನುತ್ತಾರೆ. ಒಟ್ಟು ಏರುಪೇರು ಎಂದರೆ ಎರಡರ ಮಾನಕ ವಿಚಲನೆಗಳನ್ನು (ಅಂಕಿಗಳು ಸರಾಸರಿಯಿಂದ ಎಷ್ಟು ಹರಡಿವೆ ಎಂಬ ಅಳತೆ) ವರ್ಗಿಸಿ ಕೂಡಿಸಿ ತೆಗೆದ ವರ್ಗಮೂಲ. ಏರುಪೇರು ಗಂಟೆಯಾಕಾರದ ಸಾಮಾನ್ಯ ವಿತರಣೆಯಂತಿದ್ದರೆ, ಬೀಟಾ 3 ಇದ್ದಾಗ ಕುಸಿಯುವ ಸಂಭವನೀಯತೆ ಸಾವಿರಕ್ಕೆ 1.35. ಅಮೆರಿಕದ ಅಲಿನ್ ಕಾರ್ನೆಲ್ 1969ರಲ್ಲಿ ಈ ದಾರಿಯನ್ನು ನಿರ್ಮಾಣ ಸಂಹಿತೆಗಳಿಗೆ ಹೊಂದುವಂತೆ ಮುಂದಿಟ್ಟರು. ಸೂತ್ರವನ್ನು ಬೇರೆ ರೀತಿಯಲ್ಲಿ ಬರೆದರೆ ಉತ್ತರವೂ ಬೇರೆಯಾಗುವ ದೋಷ ಅದರಲ್ಲಿತ್ತು. ಹಾಸೊಫರ್ ಮತ್ತು ಲಿಂಡ್ 1974ರಲ್ಲಿ ಅದನ್ನು ಸರಿಪಡಿಸಿದರು.

ಹಾಗಾದರೆ ಇವತ್ತು ಉಳಿದಿರುವ ಕೆಲಸವೇನು? ಒಂದು ಉದಾಹರಣೆ ಕೊಡುತ್ತೇವೆ. ಅಣೆಕಟ್ಟಿನ ಪೂರ್ಣ ಕಂಪ್ಯೂಟರ್ ಮಾದರಿ ಒಂದು ಸಲ ಓಡಲು ಅರ್ಧ ಗಂಟೆ ಹಿಡಿಯುತ್ತದೆ ಎನ್ನೋಣ. ಸಾವಿರಕ್ಕೊಂದರಷ್ಟು ಅಪರೂಪದ ವೈಫಲ್ಯವನ್ನು ನಂಬುವಂತೆ ಎಣಿಸಲು ಲಕ್ಷ ಸಲ ಓಡಿಸಬೇಕು. ಅಂದರೆ 50,000 ಗಂಟೆ, ಐದೂವರೆ ವರ್ಷಕ್ಕೂ ಹೆಚ್ಚು. ಹಾಗಾಗಿ ಕೆಲವು ನೂರು ಸಲ ಮಾತ್ರ ಓಡಿಸಿ, ಆ ಉತ್ತರಗಳ ಮೇಲೆ ಹಗುರವಾದ ಬದಲಿ ಮಾದರಿಯೊಂದನ್ನು ಹೊಂದಿಸಿ, ಲಕ್ಷ ಪ್ರಯೋಗವನ್ನು ಅದರ ಮೇಲೆ ಮಾಡುತ್ತಾರೆ. ಬದಲಿ ಮಾದರಿ ಎಲ್ಲಿ ಮೋಸ ಮಾಡುತ್ತದೆ, ಮುಂದಿನ ಓಟವನ್ನು ಯಾವ ಬಿಂದುವಿನಲ್ಲಿ ಮಾಡಿದರೆ ಹೆಚ್ಚು ತಿಳಿಯುತ್ತದೆ ಎಂಬುದೇ ದೊಡ್ಡ ಸಂಶೋಧನೆ. ಇದರಲ್ಲಿ ಹೆಚ್ಚು ಬಳಕೆಯ ವಿಧಾನ ಕ್ರಿಗಿಂಗ್. ದಕ್ಷಿಣ ಆಫ್ರಿಕದ ಚಿನ್ನದ ಗಣಿಗಳಲ್ಲಿ, ಕೊರೆದ ಬಿಂದುಗಳ ನಡುವಿನ ಅದಿರನ್ನು ಅಂದಾಜಿಸಲು ಹೊರಟ ಗಣಿ ಎಂಜಿನಿಯರ್ ಡ್ಯಾನಿ ಕ್ರಿಗ್ ಅವರಿಂದ ಬಂದ ಹೆಸರು ಅದು. ನಮ್ಮ ಜಿಲ್ಲೆಗೂ ಅದು ನೇರವಾಗಿ ಬೇಕಾದದ್ದೇ. ಸಕಲೇಶಪುರದ ಘಟ್ಟದಂಚಿನಲ್ಲಿ ವರ್ಷದ ಮಳೆ 2,000 ಮಿ.ಮೀ. ದಾಟುತ್ತದೆ, ಅದೇ ಜಿಲ್ಲೆಯ ಅರಸೀಕೆರೆಯಲ್ಲಿ ಸುಮಾರು ಅದರ ಮೂರರಲ್ಲೊಂದು ಪಾಲು. ನಡುವಿನ ಊರಿಗೆ ಎರಡರ ಸರಾಸರಿ ಹಾಕಿದರೆ ತಪ್ಪಾಗುತ್ತದೆ. ಕ್ರಿಗಿಂಗ್ ನಡುವಿನ ಅಂದಾಜಿನ ಜೊತೆಗೆ ಆ ಅಂದಾಜು ಎಷ್ಟು ಹೆಚ್ಚುಕಡಿಮೆ ಎಂಬುದನ್ನೂ ಕೊಡುತ್ತದೆ.

ಪ್ರಶ್ನೆ: ನಮ್ಮ ಎಸ್ಟೇಟಿನಲ್ಲಿ 30 ವರ್ಷದ ಮಳೆ ಪುಸ್ತಕ ಇದೆ, ದಿನಾ ಬೆಳಿಗ್ಗೆ ಇಂಚು-ಸೆಂಟಿನಲ್ಲಿ ಬರೆದದ್ದು. ತೋಟದೊಳಗಿನ ಹಳ್ಳಕ್ಕೆ ಮೋರಿ ಹಾಕಬೇಕು. ಹಳ್ಳಕ್ಕೆ ನೀರು ಬರುವ ಜಾಗ ಸುಮಾರು 40 ಹೆಕ್ಟೇರ್. 900 ಮಿ.ಮೀ. ಪೈಪು ಸಾಕೆ? ಪುಸ್ತಕದಿಂದ ಏನಾದರೂ ಲೆಕ್ಕ ತೆಗೆಯಬಹುದೆ?
– ಕಾಫಿ ಬೆಳೆಗಾರರು, ಮೂಡಿಗೆರೆ

ಉತ್ತರ: ಆ ಪುಸ್ತಕವನ್ನು ಜೋಪಾನವಾಗಿಡಿ, ಅದು ಆಸ್ತಿ. ಸರ್ಕಾರಿ ಮಳೆಮಾಪಕ ಹತ್ತಾರು ಕಿಲೋಮೀಟರ್ ಆಚೆ ಇರಬಹುದು. ನಿಮ್ಮದು ಹಳ್ಳದ ಪಕ್ಕದಲ್ಲೇ ಇದೆ.

ಮೊದಲು ಪುಸ್ತಕ ಶುದ್ಧ ಮಾಡಿ. ಒಂದು ಇಂಚು 25.4 ಮಿ.ಮೀ., 100 ಸೆಂಟಿಗೆ ಒಂದು ಇಂಚು. ಪ್ರತಿ ವರ್ಷದಿಂದ ಒಂದೇ ಒಂದು ಅಂಕಿ ಬೇಕು: ಆ ವರ್ಷದ ಅತಿ ಹೆಚ್ಚಿನ ಒಂದು ದಿನದ ಮಳೆ. ಇಲ್ಲಿ ಮೂರು ಕಡೆ ಎಡವುತ್ತಾರೆ. ಬೇರೆ ಬೇರೆ ವರ್ಷಗಳ ಗರಿಷ್ಠ ಒಂದೇ ಅಂಕಿಗೆ ಬಂದು ನಿಂತಿದ್ದರೆ ಅದು ಮಳೆಯ ಅಳತೆಯಲ್ಲ, ಪಾತ್ರೆ ತುಂಬಿ ಹೊರಚೆಲ್ಲಿದ ಗುರುತು. ನಿಜವಾದ ಮಳೆ ಅದಕ್ಕಿಂತ ಹೆಚ್ಚು. ಕರೆಂಟು, ರಸ್ತೆ ಹೋದ ದಿನಗಳಲ್ಲಿ ಓದದೆ ಮಾರನೆಯ ದಿನ ಎರಡು ದಿನದ್ದನ್ನು ಒಟ್ಟಿಗೆ ಬರೆದಿರುತ್ತಾರೆ. ಹಿಂದಿನ ದಿನದ ಸಾಲು ಖಾಲಿ ಇದೆಯೆ ನೋಡಿ. ಮಾಪಕದ ಪಕ್ಕದ ಸಿಲ್ವರ್ ಓಕ್ ಬೆಳೆದು ಮರೆ ಮಾಡಿದ್ದರೆ ಈಚಿನ ವರ್ಷಗಳು ಕಡಿಮೆ ತೋರಿಸುತ್ತವೆ. ಮೊದಲ 15 ವರ್ಷದ ಮತ್ತು ಕೊನೆಯ 15 ವರ್ಷದ ಸರಾಸರಿಯನ್ನು ಬೇರೆ ಬೇರೆ ತೆಗೆದು ಹೋಲಿಸಿ. ದೊಡ್ಡ ವ್ಯತ್ಯಾಸ ಕಂಡರೆ ಮಾಪಕ ಬದಲಾಗಿದೆಯೋ ಮಳೆಯೇ ಬದಲಾಗಿದೆಯೋ ಎಂದು ವಿಚಾರಿಸದೆ ಮುಂದೆ ಹೋಗಬೇಡಿ.

30 ಗರಿಷ್ಠಗಳ ಸರಾಸರಿ 140 ಮಿ.ಮೀ., ಅಂದರೆ ಐದೂವರೆ ಇಂಚು, ಮಾನಕ ವಿಚಲನೆ 40 ಮಿ.ಮೀ. ಬಂತು ಎನ್ನೋಣ. ವರ್ಷದ ಗರಿಷ್ಠಗಳಿಗೆ, ಅತಿ ಹೆಚ್ಚಿನ ಅಂಕಿಗಳಿಗೆಂದೇ ಇರುವ ಗುಂಬೆಲ್ ವಿತರಣೆ ಹೊಂದುತ್ತದೆ. ಅದರಂತೆ 50 ವರ್ಷಕ್ಕೊಮ್ಮೆ ಮೀರುವ ಮಳೆ ಎಂದರೆ ಸರಾಸರಿಗೆ ಮಾನಕ ವಿಚಲನೆಯ 3.03 ಪಟ್ಟು ಸೇರಿಸಿದ್ದು: 140ಕ್ಕೆ 121 ಸೇರಿ 261 ಮಿ.ಮೀ. 3.03 ಎಂಬುದು 30 ವರ್ಷದ ದಾಖಲೆಗೆ. 20 ವರ್ಷವಿದ್ದರೆ 3.18, ಹತ್ತೇ ವರ್ಷವಿದ್ದರೆ 3.59. ದಾಖಲೆ ಚಿಕ್ಕದಾದಷ್ಟೂ ಗುಣಕ ದೊಡ್ಡದು. ನಮ್ಮ ಅರಿವಿನ ಕೊರತೆಗೆ ಕಟ್ಟುವ ದಂಡ ಅದು.

ಬಹಳ ಜನ ಇಲ್ಲಿಗೇ ನಿಲ್ಲಿಸಿ 261 ಎಂದು ನಕ್ಷೆಯ ಮೇಲೆ ಬರೆಯುತ್ತಾರೆ. ನಿಲ್ಲಿಸಬೇಡಿ. 30 ವರ್ಷದ ದಾಖಲೆಯಿಂದ ತೆಗೆದ ಈ ಅಂಕಿಯ ಮಾನಕ ದೋಷ (ಅಂದಾಜೇ ಎಷ್ಟು ಹೆಚ್ಚುಕಡಿಮೆ ಎಂಬ ಅಳತೆ), ಮಾನಕ ವಿಚಲನೆಯ ಸುಮಾರು 0.71 ಪಟ್ಟು, ಅಂದರೆ 28 ಮಿ.ಮೀ. ಶೇ 95ರ ವಿಶ್ವಾಸದಲ್ಲಿ ಹೇಳಬೇಕೆಂದರೆ ಆ ಮಳೆ 206ರಿಂದ 316ರ ನಡುವೆ ಎಲ್ಲಾದರೂ ಇರಬಹುದು. ಹತ್ತೇ ವರ್ಷದ ಪುಸ್ತಕವಾಗಿದ್ದರೆ 284, ಅದರ ಹೆಚ್ಚುಕಡಿಮೆ 110.

ಇನ್ನು ದಿನದ ಮಳೆಯನ್ನು ಹಳ್ಳದ ನೀರಾಗಿಸಬೇಕು. ನೀವು ಬೆಳಿಗ್ಗೆಯಿಂದ ಬೆಳಿಗ್ಗೆಗೆ ಅಳೆಯುತ್ತೀರಿ, ಮಳೆಗೆ ಆ ಗಡಿ ಗೊತ್ತಿಲ್ಲ. ಆದ್ದರಿಂದ ಯಾವುದೇ 24 ಗಂಟೆಯ ಗರಿಷ್ಠಕ್ಕಾಗಿ 1.13ರಿಂದ ಗುಣಿಸುವುದು ರೂಢಿ: 295 ಮಿ.ಮೀ. ನಿಮ್ಮ ಜಾಗದ ಮೇಲ್ತುದಿಯಿಂದ ಮೋರಿಗೆ ನೀರು ಬರಲು ಅರ್ಧ ಗಂಟೆ ಎಂದಿಟ್ಟುಕೊಂಡರೆ, ಅರ್ಧ ಗಂಟೆಯ ಮಳೆ ಬೇಕು. ಬೇಕಾದ ಗಂಟೆಯನ್ನು 24ರಿಂದ ಭಾಗಿಸಿ, ಅದರ ಘನಮೂಲದಿಂದ ಗುಣಿಸುವ ನಿಯಮ ನಮ್ಮ ದೇಶದಲ್ಲಿ ಬಳಕೆಯಲ್ಲಿದೆ. ಅದರಂತೆ ಅರ್ಧ ಗಂಟೆಗೆ 81 ಮಿ.ಮೀ., ತೀವ್ರತೆ ಗಂಟೆಗೆ 162 ಮಿ.ಮೀ. ಈ ನಿಯಮವೇ ಇಡೀ ಲೆಕ್ಕದ ದುರ್ಬಲ ಕೊಂಡಿ. ಘಟ್ಟದ ಪುಷ್ಯ ಮಳೆ ಹಗಲೂ ರಾತ್ರಿ ಸಮನಾಗಿ ಸುರಿಯುತ್ತದೆ, ಅರ್ಧ ಗಂಟೆಯ ಪಾಲು ಇಷ್ಟು ಬರಲಾರದು. ಏಪ್ರಿಲ್-ಮೇ ತಿಂಗಳ ಗುಡುಗು ಮಳೆ ಒಂದೇ ಗಂಟೆಯಲ್ಲಿ ಮುಗಿಯುತ್ತದೆ, ದಿನದ ಅಂಕಿ ಚಿಕ್ಕದಿದ್ದರೂ ತೀವ್ರತೆ ಹೆಚ್ಚು. ನಿಮ್ಮ ಪುಸ್ತಕದಲ್ಲಿ ಇವೆರಡನ್ನೂ ಬೇರೆ ಬಣ್ಣದಲ್ಲಿ ಗುರುತಿಸಿದರೆ ಒಳ್ಳೆಯದು. ಸ್ವಯಂಚಾಲಿತ ಮಾಪಕವಿಟ್ಟು ಎರಡು-ಮೂರು ಮಳೆಗಾಲ 15 ನಿಮಿಷದ ಅಳತೆ ತೆಗೆದರೆ ಇನ್ನೂ ಒಳ್ಳೆಯದು.

ಹರಿವಿನ ಗುಣಾಂಕ (ಬಿದ್ದ ಮಳೆಯಲ್ಲಿ ಹರಿದುಬರುವ ಪಾಲು), ತೀವ್ರತೆ, ಹೆಕ್ಟೇರ್ ಮೂರನ್ನೂ ಗುಣಿಸಿ 360ರಿಂದ ಭಾಗಿಸಿದರೆ ಸೆಕೆಂಡಿಗೆ ಎಷ್ಟು ಘನ ಮೀಟರ್ ಎಂದು ಬರುತ್ತದೆ. ದಟ್ಟ ನೆರಳಿನ ತೋಟವೆಂದು 0.4 ಹಾಕಿದರೆ 7.2. ವಾರಗಟ್ಟಲೆ ನೆನೆದ ನೆಲ ನೀರು ಕುಡಿಯುವುದಿಲ್ಲ, ಆಗ 0.6 ಹಾಕಬೇಕು, 10.8 ಬರುತ್ತದೆ. 900 ಮಿ.ಮೀ. ಪೈಪಿನ ಅಡ್ಡಕೊಯ್ತ 0.64 ಚದರ ಮೀಟರ್. ನೀರು ಸೆಕೆಂಡಿಗೆ 3 ಮೀಟರ್ ವೇಗದಲ್ಲಿ ತುಂಬಿ ಹರಿದರೂ 1.9 ಘನ ಮೀಟರ್ ಮಾತ್ರ ದಾಟುತ್ತದೆ.

ಹಾಗಾಗಿ ಇಷ್ಟೆಲ್ಲ ಅನಿಶ್ಚಿತತೆಯ ನಡುವೆಯೂ ಒಂದು ಉತ್ತರ ಗಟ್ಟಿ: 900 ಪೈಪು ಸಾಲದು. ತೀವ್ರತೆಯನ್ನು ಅರ್ಧಕ್ಕಿಳಿಸಿ ನೋಡಿದರೂ ಸಾಲದು. 2 ಮೀಟರ್ ಅಗಲ, ಒಂದೂವರೆ ಮೀಟರ್ ಎತ್ತರದ ಬಾಕ್ಸ್ ಮೋರಿ ಅದೇ ವೇಗದಲ್ಲಿ 9 ಘನ ಮೀಟರ್ ದಾಟಿಸುತ್ತದೆ. ಅದಕ್ಕೂ ಮೀರಿದ ಮಳೆಗೆ ಮೋರಿಯನ್ನು ಇನ್ನಷ್ಟು ದೊಡ್ಡದು ಮಾಡುವುದಕ್ಕಿಂತ, ರಸ್ತೆಯ ಒಂದು ಭಾಗವನ್ನು ಅರ್ಧ ಮೀಟರ್ ತಗ್ಗಿಸಿ, ಕಲ್ಲು ಹಾಸಿ, ನೀರು ಮೇಲೆ ಹರಿದು ಹೋಗುವಂತೆ ಬಿಡುವುದು ಅಗ್ಗ. ಮೋರಿ ಸಾಮಾನ್ಯವಾಗಿ ಹೋಗುವುದು ನೀರಿನ ಪ್ರಮಾಣದಿಂದಲ್ಲ, ಬಾಯಿಗೆ ಬಂದು ಸಿಕ್ಕಿಕೊಂಡ ಮರದ ತುಂಡಿನಿಂದ. ಬಾಯಿಯಿಂದ ಹತ್ತು ಮೀಟರ್ ಮೇಲೆ ಗಟ್ಟಿ ಕಂಬಗಳನ್ನು ಓರೆಯಾಗಿ ನೆಟ್ಟು ಕಸ ತಡೆಯಿರಿ.

ಪ್ರಶ್ನೆ: ‘ನೂರು ವರ್ಷಕ್ಕೊಮ್ಮೆ ಬರುವ ಮಳೆ’ ಎಂದು 2018ರಲ್ಲಿ ಹೇಳಿದರು. 2019ರಲ್ಲೂ ಅದನ್ನೇ ಹೇಳಿದರು. ಹಾಗಾದರೆ ಲೆಕ್ಕವೇ ಸುಳ್ಳೆ?
– ಓದುಗರು, ಕೊಟ್ಟಿಗೆಹಾರ

ಉತ್ತರ: ಆ ಮಾತಿನ ಅರ್ಥ ‘ಯಾವುದೇ ಒಂದು ವರ್ಷದಲ್ಲಿ ಬರುವ ಸಂಭವ ಶೇ 1’ ಎಂದು ಮಾತ್ರ. ಈ ವರ್ಷ ಬಂತೆಂದು ಮುಂದಿನ 99 ವರ್ಷಕ್ಕೆ ಬಿಡುವು ಸಿಗುವುದಿಲ್ಲ. 50 ವರ್ಷ ಬಾಳಬೇಕಾದ ಮನೆ ಅಂಥ ಮಳೆಯನ್ನು ಒಮ್ಮೆಯಾದರೂ ಕಾಣುವ ಸಂಭವ ಶೇ 39.5. ಇನ್ನೊಂದು ವಿಷಯ: ಶೇ 1 ಎಂಬುದು ಒಂದು ಜಾಗಕ್ಕೆ. ಒಂದಕ್ಕೊಂದು ಸಂಬಂಧವಿಲ್ಲದ 100 ಜಾಗಗಳಿದ್ದರೆ, ಪ್ರತಿ ವರ್ಷ ಅವುಗಳಲ್ಲಿ ಎಲ್ಲಾದರೂ ಒಂದು ಕಡೆ ನೂರು ವರ್ಷದ ಮಳೆ ಬೀಳುವ ಸಂಭವ ಶೇ 63. ಸುದ್ದಿಯಾಗುವುದು ಆ ಒಂದು ಕಡೆ. ಆದರೂ ಒಂದೇ ಮಾಪಕದಲ್ಲಿ ಎರಡು ವರ್ಷ ಸತತ ಮೀರಿದ್ದರೆ ಹಳೆಯ ಅಂಕಿಯನ್ನು ಸಂಶಯಿಸಲೇಬೇಕು: ದಾಖಲೆ ಚಿಕ್ಕದಿದ್ದು ಅಂದಾಜು ಕೆಳಗಿತ್ತು, ಇಲ್ಲವೆ ಮಳೆಯ ರೀತಿಯೇ ಬದಲಾಗುತ್ತಿದೆ.

ಪ್ರಶ್ನೆ: ಮನೆಯ ಮೇಲಿನ ಇಳಿಜಾರು ಜಾರುವ ಭಯವಿದೆ. ಮಣ್ಣು ಪರೀಕ್ಷೆ ಮಾಡಿಸಿದೆವು, ವರದಿಯಲ್ಲಿ ‘ಸುರಕ್ಷತಾ ಗುಣಾಂಕ 1.26’ ಎಂದಿದೆ. ಒಂದಕ್ಕಿಂತ ಹೆಚ್ಚಿದ್ದರೆ ಸುರಕ್ಷಿತ ಎನ್ನುತ್ತಾರೆ. ಮಳೆಗಾಲದಲ್ಲಿ ನಿಶ್ಚಿಂತೆಯಿಂದ ಮಲಗಬಹುದೆ?
– ಓದುಗರು, ಸಕಲೇಶಪುರ ತಾಲ್ಲೂಕು

ಉತ್ತರ: ಇಲ್ಲ. ಸುರಕ್ಷತಾ ಗುಣಾಂಕ ಎಂದರೆ ತಡೆಯುವ ಶಕ್ತಿಯನ್ನು ಜಾರಿಸುವ ಒತ್ತಡದಿಂದ ಭಾಗಿಸಿದ್ದು. ವರದಿಯಲ್ಲಿ ಮೂರು ವಿಷಯ ಹುಡುಕಿ: ನೀರು ಎಷ್ಟು ಎತ್ತರದಲ್ಲಿದೆ ಎಂದು ಲೆಕ್ಕ ಹಾಕಿದ್ದಾರೆ, ಮಣ್ಣಿನ ಮಾದರಿಗಳು ಎಷ್ಟು, ಯಾವ ತಿಂಗಳಲ್ಲಿ ತೆಗೆದದ್ದು.

ಉದಾಹರಣೆಗೆ 30 ಡಿಗ್ರಿ ಇಳಿಜಾರು, ಗಟ್ಟಿ ಪದರದ ಮೇಲೆ 3 ಮೀಟರ್ ಮಣ್ಣು, ಘನ ಮೀಟರಿಗೆ 18 ಕಿಲೋನ್ಯೂಟನ್ ತೂಕ, ಅಂಟುಬಲ 8 ಕಿಲೋಪ್ಯಾಸ್ಕಲ್, ಘರ್ಷಣ ಕೋನ 28 ಡಿಗ್ರಿ. ಮಣ್ಣಿನೊಳಗೆ ನೀರಿನ ಒತ್ತಡ ಇಲ್ಲದಾಗ ತಡೆಯುವ ಶಕ್ತಿ 29.5 ಕಿಲೋಪ್ಯಾಸ್ಕಲ್, ಜಾರಿಸುವ ಒತ್ತಡ 23.4 ಕಿಲೋಪ್ಯಾಸ್ಕಲ್, ಗುಣಾಂಕ 1.26. ನಿಮ್ಮ ವರದಿಯ ಅಂಕಿಯೇ ಬಂತು. ಜಾರುವ ಪದರದಿಂದ ಒಂದೂವರೆ ಮೀಟರ್ ಮೇಲಕ್ಕೆ ನೀರು ಏರಿದರೆ ಅದು 1.01. ನೆಲಮಟ್ಟದವರೆಗೆ ತುಂಬಿದರೆ 0.76. ಮಣ್ಣು ಅದೇ, ಗುಡ್ಡ ಅದೇ. ಬದಲಾದದ್ದು ನೀರು ಮಾತ್ರ.

ನೀರಿಲ್ಲದ ಸ್ಥಿತಿಯ 1.26 ಕೂಡ ಎಷ್ಟು ನಂಬಿಗಸ್ತ ಎಂಬುದು ಮಾದರಿಗಳನ್ನು ಅವಲಂಬಿಸಿದೆ. ಅಂಟುಬಲದ ಏರುಪೇರು ಶೇ 30, ಘರ್ಷಣೆಯದು ಶೇ 10 ಇದ್ದರೆ ಬೀಟಾ 1.9; ಜಾರುವ ಸಂಭವ ನೂರಕ್ಕೆ ಸುಮಾರು 3. ಇನ್ನೊಂದು ಗುಡ್ಡದಲ್ಲಿ ಮಣ್ಣು ಏಕರೂಪವಾಗಿದ್ದು, ಚೆನ್ನಾಗಿ ಪರೀಕ್ಷಿಸಿ, ಏರುಪೇರು ಶೇ 15 ಮತ್ತು ಶೇ 5ಕ್ಕೆ ಇಳಿದಿದ್ದರೆ ಬೀಟಾ 3.8, ಸಂಭವ ಲಕ್ಷಕ್ಕೆ 7. ಎರಡಕ್ಕೂ ವರದಿಯಲ್ಲಿ ಬರೆಯುವುದು ‘1.26’ ಎಂದೇ. ಏರುಪೇರನ್ನು ಹೇಳದ ಸುರಕ್ಷತಾ ಗುಣಾಂಕ ಅರ್ಧ ಮಾತು ಎಂದು ನಾವು ಒತ್ತಿ ಹೇಳುವುದು ಇದಕ್ಕೇ.

ಮಾದರಿ ಬೇಸಿಗೆಯಲ್ಲಿ ತೆಗೆದದ್ದಾದರೆ ಇನ್ನೊಂದು ಅಪಾಯ. ಒಣ ಮಣ್ಣಿನ ಕಣಗಳ ನಡುವಿನ ತೇವ ಎಳೆದು ಹಿಡಿಯುವುದರಿಂದ ಅಂಟುಬಲ ಸುಳ್ಳುಸುಳ್ಳೇ ಹೆಚ್ಚು ಕಾಣುತ್ತದೆ. ನಾಲ್ಕು ದಿನ ಸತತ ಮಳೆ ಬಂದರೆ ಆ ಬಲ ಕರಗಿಹೋಗುತ್ತದೆ. ಪ್ರಯೋಗಾಲಯದಲ್ಲಿ ಮಾದರಿಯನ್ನು ಪೂರ್ತಿ ನೆನೆಸಿಯೇ ಪರೀಕ್ಷಿಸಲು ಹೇಳಿ. ಒಂದೇ ಗುಂಡಿಯಿಂದ ಮೂರು ಮಾದರಿ ತೆಗೆದರೆ ಏರುಪೇರು ತಿಳಿಯುವುದಿಲ್ಲ. ಮೇಲೆ, ನಡುವೆ, ಕೆಳಗೆ ಮೂರು ಗುಂಡಿ ತೋಡಿ, ಪ್ರತಿಯೊಂದರಲ್ಲೂ ಎರಡು ಆಳದಿಂದ ತೆಗೆಯಿರಿ.

ಮೇಲಿನ ಲೆಕ್ಕ ಉದ್ದದ ಇಳಿಜಾರಿನ ಮೇಲೆ ತೆಳು ಪದರ ಜಾರುವುದಕ್ಕೆ ಮಾತ್ರ. ಮನೆ ಹಿಂದೆ ನೇರವಾಗಿ ಕಡಿದ ಧರೆಯಿದ್ದರೆ ಅದಕ್ಕೆ ವೃತ್ತಾಕಾರದ ಕುಸಿತದ ಲೆಕ್ಕ ಬೇರೆ ಮಾಡಿಸಬೇಕು.

ಹಣ ಹಾಕಬೇಕಾದ್ದು ಮೊದಲು ನೀರಿಗೆ. ಇಳಿಜಾರಿನ ತಲೆಯ ಮೇಲೆ, ಅಂಚಿನಿಂದ ಹಿಂದೆ ಸರಿದು, ನೆಲಗಟ್ಟು ಹಾಕಿದ ಅಡ್ಡಚರಂಡಿ ಮಾಡಿಸಿ. ಬರೀ ಮಣ್ಣಿನ ಚರಂಡಿ ತೋಡಿದರೆ ಅದೇ ನೀರನ್ನು ಒಳಗಿಳಿಸುತ್ತದೆ. ನೀರು ಅಳೆಯಲು 32 ಮಿ.ಮೀ. ಪಿವಿಸಿ ಪೈಪಿನ ಕೆಳಗಿನ ಒಂದು ಮೀಟರಿಗೆ ತೂತು ಕೊರೆದು, ಜಿಯೋಟೆಕ್ಸ್‌ಟೈಲ್ ಬಟ್ಟೆ ಸುತ್ತಿ, ಕೊರೆದ ಗುಂಡಿಗೆ ಇಳಿಸಿ. ಸುತ್ತ ಮರಳು ತುಂಬಿ, ಅದರ ಮೇಲೆ ಅರ್ಧ ಮೀಟರ್ ಬೆಂಟೋನೈಟ್ ಜೇಡಿ ಹಾಕಿ ಮುಚ್ಚಿ. ಜೇಡಿ ಹಾಕದಿದ್ದರೆ ಮೇಲಿನ ಮಳೆನೀರೇ ಪೈಪಿನ ಪಕ್ಕದಲ್ಲಿಳಿದು ಸುಳ್ಳು ಅಳತೆ ಕೊಡುತ್ತದೆ. ಆರಿದ್ರಾ ಮಳೆಯಿಂದ ವಾರಕ್ಕೊಮ್ಮೆ, ಪುನರ್ವಸು ಹಿಡಿದ ಮೇಲೆ ದಿನಾ ಅಳೆದು ಬರೆಯಿರಿ. ನೆಲದಲ್ಲಿ ಹೊಸ ಬಿರುಕು, ವಾಲಿದ ಕಂಬ, ಇದ್ದಕ್ಕಿದ್ದಂತೆ ಕೆಂಪಾದ ಅಥವಾ ನಿಂತುಹೋದ ಒರತೆ ಕಂಡರೆ ಲೆಕ್ಕಕ್ಕೆ ಕಾಯಬೇಡಿ. ಆ ಕೂಡಲೇ ಮನೆ ಖಾಲಿ ಮಾಡಿ.

ಪ್ರಶ್ನೆ: ಎಂ20 ದರ್ಜೆಯ ಕಾಂಕ್ರೀಟಿನ ಮೂರು ಪರೀಕ್ಷಾ ಕ್ಯೂಬ್‌ಗಳು 28 ದಿನಕ್ಕೆ ಚದರ ಮಿ.ಮೀ.ಗೆ 17.8, 24.1, 22.9 ನ್ಯೂಟನ್ ಬಂದವು. ಸರಾಸರಿ 21.6. ಒಬ್ಬರು ಪಾಸು ಎನ್ನುತ್ತಾರೆ, ಇನ್ನೊಬ್ಬರು ಫೇಲು ಎನ್ನುತ್ತಾರೆ. ಯಾವುದು ಸರಿ?
– ಗುತ್ತಿಗೆದಾರರು, ಅರಸೀಕೆರೆ

ಉತ್ತರ: ಎರಡೂ ಅಲ್ಲ. ಕಾಂಕ್ರೀಟಿನ ಭಾರತೀಯ ಮಾನಕ ಐಎಸ್ 456ರ ಪ್ರಕಾರ ಒಂದು ಮಾದರಿಯ ಮೂರು ಕ್ಯೂಬ್‌ಗಳಲ್ಲಿ ಯಾವುದೂ ಸರಾಸರಿಯಿಂದ ಶೇ 15ಕ್ಕಿಂತ ಹೆಚ್ಚು ದೂರ ಹೋಗಬಾರದು. 17.8 ಎಂಬುದು 21.6ಕ್ಕಿಂತ ಶೇ 17.6 ಕೆಳಗೆ. ಹಾಗಾಗಿ ಆ ಮಾದರಿಯ ಫಲಿತಾಂಶವೇ ಅಮಾನ್ಯ. ಒಂದೇ ಬಟ್ಟಲಿನ ಕಾಂಕ್ರೀಟು ಇಷ್ಟು ಬೇರೆ ಬಂದಿದ್ದರೆ ಮೊದಲು ಸಂಶಯಿಸಬೇಕಾದ್ದು ಕ್ಯೂಬ್ ಮಾಡಿದ ಮತ್ತು ಒಡೆದ ರೀತಿಯನ್ನು. 150 ಮಿ.ಮೀ. ಅಚ್ಚಿಗೆ ಸುಮಾರು 5 ಸೆಂ.ಮೀ. ದಪ್ಪದ ಪದರಗಳಲ್ಲಿ ತುಂಬಿ, 16 ಮಿ.ಮೀ. ಸರಳಿನಿಂದ ಪದರಕ್ಕೆ 35 ಸಲ ಕುಟ್ಟಬೇಕು. ಕರಣೆಯಿಂದ ಸವರಿದ ಮುಖ ಯಂತ್ರದ ತಟ್ಟೆಗೆ ತಾಗಬಾರದು, ಅಚ್ಚಿನ ಗೋಡೆಗೆ ತಾಗಿದ್ದ ಮುಖಗಳ ಮೇಲೆ ಹೊರೆ ಬೀಳಬೇಕು. ಹೊರೆ ಏರಿಸುವ ವೇಗ ನಿಮಿಷಕ್ಕೆ ಚದರ ಮಿ.ಮೀ.ಗೆ 14 ನ್ಯೂಟನ್, ಅಂದರೆ ಈ ಕ್ಯೂಬಿಗೆ ಸೆಕೆಂಡಿಗೆ ಸುಮಾರು 5.25 ಕಿಲೋನ್ಯೂಟನ್. ಅವಸರಕ್ಕೆ ಜೋರಾಗಿ ಏರಿಸಿದರೆ ಅಂಕಿ ಹೆಚ್ಚು ಬರುತ್ತದೆ, ಆದರೆ ಅದು ಕಾಂಕ್ರೀಟಿನ ಬಲವಲ್ಲ.

‘20’ ಎಂಬ ಅಂಕಿಯ ಒಳಗೇ ಅನಿಶ್ಚಿತತೆ ಕುಳಿತಿದೆ ಎಂಬುದನ್ನೂ ತಿಳಿಯಿರಿ. ನೂರು ಫಲಿತಾಂಶಗಳಲ್ಲಿ 5ಕ್ಕಿಂತ ಹೆಚ್ಚು 20ರ ಕೆಳಗೆ ಬೀಳಬಾರದು ಎಂಬುದು ಅದರ ಅರ್ಥ. ಅದಕ್ಕಾಗಿ ಮಾನಕ ವಿಚಲನೆ 4 ಎಂದು ಹಿಡಿದು, ಅದರ 1.65 ಪಟ್ಟು ಸೇರಿಸಿ, ಮಿಶ್ರಣವನ್ನು 26.6ಕ್ಕೆ ಗುರಿಯಿಡುತ್ತಾರೆ. ನಿಮ್ಮ ಕೆಲಸದಲ್ಲಿ ಏರುಪೇರು ಕಡಿಮೆ ಎಂದು ಕನಿಷ್ಠ 30 ಮಾದರಿಗಳಿಂದ ತೋರಿಸಿದರೆ ಗುರಿಯನ್ನು ಇಳಿಸಲು ಮಿಶ್ರಣದ ಮಾನಕ ಐಎಸ್ 10262 ಅವಕಾಶ ಕೊಡುತ್ತದೆ, ಆದರೂ 25.5ಕ್ಕಿಂತ ಕೆಳಗಲ್ಲ. ಸಿಮೆಂಟು ಉಳಿಯುವುದು ಅಲ್ಲಿ. ಏರುಪೇರಿಗೆ ಒಂದು ಮುಖ್ಯ ಕಾರಣ ನೆನೆದ ಎಂ-ಸ್ಯಾಂಡ್. 100 ಕೆ.ಜಿ. ಒಣ ಮರಳಿನಲ್ಲಿ ಶೇ 5 ತೇವವಿದ್ದರೆ 5 ಲೀಟರ್ ನೀರು ಲೆಕ್ಕಕ್ಕೆ ಸಿಗದೆ ಒಳಗೆ ಹೋಯಿತು. ರಾಶಿಗೆ ಟಾರ್ಪಾಲು ಹೊದಿಸಿ. ದಿನಾ ಬೆಳಿಗ್ಗೆ ಒಂದು ಕೆ.ಜಿ. ಮರಳನ್ನು ಬಾಣಲೆಯಲ್ಲಿ ಹುರಿದು ಮತ್ತೆ ತೂಗಿ, ಕಳೆದುಹೋದ ತೂಕದಷ್ಟನ್ನು, ಬಳಸುವ ಮರಳಿನ ಪ್ರತಿ ಕೆ.ಜಿ.ಗೂ, ಹಾಕುವ ನೀರಿನಲ್ಲಿ ಕಳೆಯಿರಿ.

ಪ್ರಶ್ನೆ: ನಮ್ಮ ಊರ ಕೆರೆ ಏರಿ ಇನ್ನೂರು ವರ್ಷದಿಂದ ಒಡೆದಿಲ್ಲ. ಇನ್ನು ಭಯವಿಲ್ಲ ಎನ್ನಬಹುದಲ್ಲವೆ?
– ಓದುಗರು, ಕಡೂರು ತಾಲ್ಲೂಕು

ಉತ್ತರ: ಇನ್ನೂರು ವರ್ಷ ನಿಂತದ್ದು ಒಳ್ಳೆಯ ಸಾಕ್ಷಿ, ಆದರೆ ನೀವೆಂದುಕೊಂಡಷ್ಟು ಬಲವಾದದ್ದಲ್ಲ. ಒಮ್ಮೆಯೂ ವಿಫಲವಾಗದ ಪ್ರಯೋಗಗಳಿಗೆ ಒಂದು ಸುಲಭ ಸೂತ್ರವಿದೆ: 3ನ್ನು ಪ್ರಯೋಗಗಳ ಸಂಖ್ಯೆಯಿಂದ ಭಾಗಿಸಿ. ಶೇ 95ರ ವಿಶ್ವಾಸದಲ್ಲಿ ಹೇಳಲು ಸಾಧ್ಯವಾಗುವುದು, ವರ್ಷಕ್ಕೆ ಒಡೆಯುವ ಸಂಭವ ಶೇ 1.5ಕ್ಕಿಂತ ಹೆಚ್ಚಿಲ್ಲ ಎಂದಷ್ಟೇ. ಆ ಮೇಲ್ಮಿತಿಯಲ್ಲೇ ಇದ್ದರೆ ಮುಂದಿನ 30 ವರ್ಷದಲ್ಲಿ ಒಡೆಯುವ ಸಂಭವ ಶೇ 36 ಆಗುತ್ತದೆ. ಅದೂ ಏರಿ ಇನ್ನೂರು ವರ್ಷದ ಹಿಂದಿನ ಏರಿಯೇ ಆಗಿದ್ದರೆ. ಈಗ ಅದರ ಮೇಲೆ ಮರ ಬೆಳೆದು ಬೇರು ಕೊಳೆತಿರಬಹುದು, ಕೋಡಿಯನ್ನು ಕಲ್ಲಿಟ್ಟು ಎತ್ತರಿಸಿರಬಹುದು, ಹೂಳು ತುಂಬಿ ನೀರು ಬೇಗ ಕೋಡಿ ಮುಟ್ಟುತ್ತಿರಬಹುದು.

ಏರಿಯ ಬುಡದಲ್ಲಿ ಸೋರುವ ನೀರನ್ನು ಒಂದೆಡೆಗೆ ತಿರುಗಿಸಿ, 10 ಲೀಟರ್ ಬಕೆಟ್ ತುಂಬಲು ಎಷ್ಟು ಸೆಕೆಂಡು ಎಂದು ವಾರಕ್ಕೊಮ್ಮೆ ಅಳೆಯಿರಿ. ಪಕ್ಕದಲ್ಲಿ ಕೆರೆಯ ನೀರಿನ ಮಟ್ಟವನ್ನೂ ಬರೆಯಿರಿ. ಮಟ್ಟ ಏರಿದಾಗ ಸೋರಿಕೆ ಏರುವುದು ಸಹಜ. ಮಟ್ಟ ಹಾಗೇ ಇದ್ದು ಸೋರಿಕೆ ಏರಿದರೆ, ಅಥವಾ ನೀರು ಕದಡಿ ಬಂದರೆ, ಒಳಗಿನ ಮಣ್ಣು ಕೊಚ್ಚಿಹೋಗುತ್ತಿದೆ ಎಂದರ್ಥ. ಆಗ ತೂಬು ತೆರೆದು ಮಟ್ಟ ಇಳಿಸಬೇಕು. ಸೋರುವ ಬಾಯಿಯನ್ನು ಜೇಡಿಯಿಂದ ಮುಚ್ಚಬಾರದು, ಮುಚ್ಚಿದರೆ ನೀರು ಬೇರೆ ದಾರಿ ಕೊರೆಯುತ್ತದೆ. ಮೊದಲು ಮರಳು, ಮೇಲೆ ಜಲ್ಲಿ, ಅದರ ಮೇಲೆ ಕಲ್ಲು ಹಾಕಿದರೆ ನೀರು ಹೊರಬರುತ್ತದೆ, ಮಣ್ಣು ಒಳಗೇ ನಿಲ್ಲುತ್ತದೆ.

ಪ್ರಶ್ನೆ: ಪ್ರಾಜೆಕ್ಟಿಗೆ ಇಳಿಜಾರಿನ ಮಾಂಟೆ ಕಾರ್ಲೊ ಲೆಕ್ಕವನ್ನು ಎಕ್ಸೆಲ್‌ನಲ್ಲಿ ಮಾಡುತ್ತಿದ್ದೇವೆ. 500 ಸಲ ಓಡಿಸಿದೆವು. ಪ್ರತಿ ಸಲ ಉತ್ತರ ಬೇರೆ ಬರುತ್ತಿದೆ. ತಪ್ಪೆಲ್ಲಿ?
– ಎಂಜಿನಿಯರಿಂಗ್ ವಿದ್ಯಾರ್ಥಿಗಳು, ಚಿಕ್ಕಮಗಳೂರು

ಉತ್ತರ: 500 ಸಾಲದು. ಮಾಂಟೆ ಕಾರ್ಲೊ ಎಂದರೆ ಯಾದೃಚ್ಛಿಕವಾಗಿ ಅಂಕಿ ಆರಿಸಿ ಒಂದೇ ಲೆಕ್ಕವನ್ನು ಮತ್ತೆ ಮತ್ತೆ ಮಾಡುವುದು. ಗಣಿತಜ್ಞ ಸ್ಟಾನಿಸ್ಲಾ ಉಲಾಮ್ ಅವರಿಗೆ 1946ರಲ್ಲಿ ಕಾಯಿಲೆಯಿಂದ ಚೇತರಿಸಿಕೊಳ್ಳುತ್ತ ಇಸ್ಪೀಟಾಡುವಾಗ ಹೊಳೆದ ಈ ವಿಧಾನದ ನಿಖರತೆ, ಓಟಗಳ ಸಂಖ್ಯೆಯ ವರ್ಗಮೂಲದಂತೆ ಮಾತ್ರ ಹೆಚ್ಚುತ್ತದೆ. ನಿಖರತೆ ದುಪ್ಪಟ್ಟಾಗಲು ನಾಲ್ಕು ಪಟ್ಟು ಓಡಿಸಬೇಕು. ಉತ್ತರದಲ್ಲಿ ಶೇ 10ರಷ್ಟು ಏರುಪೇರು ಸಾಕೆಂದರೆ, 100ನ್ನು ನೀವು ಹುಡುಕುತ್ತಿರುವ ಸಂಭವನೀಯತೆಯಿಂದ ಭಾಗಿಸಿ. ಮೇಲಿನ ಸಕಲೇಶಪುರದ ಉದಾಹರಣೆಗೆ, ಅಂದರೆ 0.028ಕ್ಕೆ, ಸುಮಾರು 3,600 ಓಟ ಬೇಕು. ಲಕ್ಷಕ್ಕೆ 7ರ ಗುಡ್ಡಕ್ಕೆ ಬೇಕಾಗುವುದು 14 ಲಕ್ಷಕ್ಕೂ ಹೆಚ್ಚು. ಅದಕ್ಕೆ ಎಕ್ಸೆಲ್ ಬಿಟ್ಟು ಪೈಥಾನ್ ಹಿಡಿಯಿರಿ.

ಇನ್ನು ಮೂರು ಕಡೆ ನೋಡಿ. ಅಂಟುಬಲ 8, ಮಾನಕ ವಿಚಲನೆ 2.4 ಎಂದು ಸಾಮಾನ್ಯ ವಿತರಣೆ ಹಾಕಿದರೆ ಲಕ್ಷಕ್ಕೆ 43 ಸಲ ಋಣಸಂಖ್ಯೆ ಬರುತ್ತದೆ. ಅಂಥ ಮಣ್ಣು ಜಗತ್ತಿನಲ್ಲಿಲ್ಲ. ಋಣಸಂಖ್ಯೆಯೇ ಬಾರದ ಲಾಗ್-ನಾರ್ಮಲ್ ವಿತರಣೆ ಬಳಸಿ. ಆಗ ಲಾಗರಿದಮ್ಮಿನ ಸರಾಸರಿ 2.036, ವಿಚಲನೆ 0.294. ನೇರವಾಗಿ 8ರ ಲಾಗರಿದಮ್ 2.079 ಹಾಕಿದರೆ ಸರಾಸರಿ 8.35 ಆಗಿಬಿಡುತ್ತದೆ, ವಿದ್ಯಾರ್ಥಿಗಳು ಹೆಚ್ಚಾಗಿ ಜಾರುವುದು ಇಲ್ಲೇ. ಎರಡನೆಯದು, ಅಂಟುಬಲ ಹೆಚ್ಚಿರುವ ಮಾದರಿಯಲ್ಲಿ ಘರ್ಷಣ ಕೋನ ಸಾಮಾನ್ಯವಾಗಿ ಕಡಿಮೆ. ಈ ಸಂಬಂಧವನ್ನು ಋಣ 0.4 ಎಂದು ಸೇರಿಸಿದರೆ ಅದೇ ಇಳಿಜಾರಿನ ಸಂಭವ ಶೇ 2.8ರಿಂದ ಶೇ 0.7ಕ್ಕೆ ಇಳಿಯುತ್ತದೆ. ಸ್ವಂತ ಮಾದರಿಗಳಿಂದ ಆ ಸಂಬಂಧವನ್ನು ತೋರಿಸಲು ಆಗದಿದ್ದರೆ ಸೇರಿಸಬೇಡಿ; ಸೇರಿಸದಿರುವುದೇ ಇಲ್ಲಿ ಸುರಕ್ಷಿತ ಬದಿ. ಮೂರನೆಯದು, ಎಕ್ಸೆಲ್‌ನ ಯಾದೃಚ್ಛಿಕ ಸಂಖ್ಯೆಗಳು ಯಾವ ಕೋಶ ಮುಟ್ಟಿದರೂ ಹೊಸದಾಗಿ ಹುಟ್ಟುತ್ತವೆ. ಒಮ್ಮೆ ಹುಟ್ಟಿಸಿ, ಮೌಲ್ಯಗಳನ್ನಷ್ಟೇ ಬೇರೆ ಹಾಳೆಗೆ ನಕಲಿಸಿಟ್ಟು, ಲೆಕ್ಕವನ್ನು ಅದರ ಮೇಲೆ ಮಾಡಿ. ವರದಿಯಲ್ಲಿ ಓಟಗಳ ಸಂಖ್ಯೆ, ಬಳಸಿದ ವಿತರಣೆ, ಉತ್ತರದ ಹೆಚ್ಚುಕಡಿಮೆ ಮೂರನ್ನೂ ಬರೆಯಿರಿ. ಪ್ರಶ್ನೆಯ ಜೊತೆ ಕಳಿಸಿದ ಹಾಳೆಯ 14ನೇ ಕಾಲಂನಲ್ಲಿ ಕೋನವನ್ನು ರೇಡಿಯನ್‌ಗೆ ಬದಲಿಸದೆ ಟ್ಯಾನ್ ತೆಗೆದಿದ್ದೀರಿ, ಅದನ್ನು ಮೊದಲು ತಿದ್ದಿ.